ಮಣಿಕಟ್ಟಿನ ಮೇಲೆ ಮೂರು ಬೆರಳು: ವಯಸ್ಸಾಗುತ್ತಿರುವ ಸಮಾಜದಲ್ಲಿ ಹೆಚ್ಚುತ್ತಿರುವ ಹೃತ್ಕರ್ಣ ಕಂಪನ

(ಬೆಂಗಳೂರಿನ ಜಯನಗರದಲ್ಲಿ ಹಿರಿಯ ನಾಗರಿಕರ ಬಳಗವೊಂದು ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿಕೊಂಡಿದ್ದೇನೆ.)

ಸಭೆಯಲ್ಲಿರುವ ಹಿರಿಯರಿಗೆಲ್ಲ ನಮಸ್ಕಾರ.

ಮಾತು ಆರಂಭಿಸುವ ಮೊದಲು ತಮ್ಮಲ್ಲಿ ಒಂದು ವಿನಂತಿ. ಎಡಗೈಯನ್ನು ಅಂಗಾತವಾಗಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಬಲಗೈಯ ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳನ್ನು ಹೆಬ್ಬೆರಳಿನ ಬುಡಕ್ಕೆ ತುಸು ಕೆಳಗೆ, ಮಣಿಕಟ್ಟಿನ ಮೇಲೆ ಮೆಲ್ಲಗೆ ಒತ್ತಿ ಹಿಡಿಯಿರಿ. ನಾಡಿ ಸಿಕ್ಕಿತೇ? ಎಷ್ಟು ಸಲ ಬಡಿಯಿತು ಎಂದು ಎಣಿಸುವುದು ಬೇಡ. ಒಂದು ಬಡಿತಕ್ಕೂ ಅದರ ಮುಂದಿನ ಬಡಿತಕ್ಕೂ ನಡುವಿನ ಬಿಡುವು ಒಂದೇ ಸಮನಾಗಿದೆಯೇ ಎಂಬುದನ್ನಷ್ಟೇ ಅರ್ಧ ನಿಮಿಷ ಗಮನಿಸಿ. ಈ ಮೂರು ಬೆರಳುಗಳ ಕೆಲಸವನ್ನು ನಮ್ಮ ಮನೆಗಳೂ ನಮ್ಮ ವೈದ್ಯರೂ ಮರೆಯುತ್ತಿದ್ದೇವೆ, ಅದೂ ಅದರ ಅಗತ್ಯ ಹಿಂದೆಂದಿಗಿಂತ ಹೆಚ್ಚಾಗಿರುವ ಕಾಲದಲ್ಲಿ ಮರೆಯುತ್ತಿದ್ದೇವೆ ಎಂಬುದನ್ನು ಹೇಳಲೆಂದೇ ನಾನು ಇಲ್ಲಿಗೆ ಬಂದಿದ್ದೇನೆ.

ಕೆಲವು ವರ್ಷಗಳ ಹಿಂದೆ 74 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರನ್ನು ಅವರ ಮಗಳು ನನ್ನ ಬಳಿ ಕರೆತಂದಿದ್ದರು. ಸುಸ್ತು, ಮಹಡಿ ಹತ್ತಿದರೆ ಏದುಸಿರು, ಮೊದಲಿನಂತೆ ಸಂಜೆಯ ಸುತ್ತಾಟ ಆಗುತ್ತಿಲ್ಲ ಎಂಬುದು ದೂರು. "ವಯಸ್ಸಾಯಿತಲ್ಲ ಡಾಕ್ಟ್ರೇ, ಇದಕ್ಕೆಲ್ಲ ಯಾಕೆ ಬರಬೇಕಿತ್ತು ಅಂದೆ, ಇವಳು ಕೇಳಲಿಲ್ಲ" ಎಂದು ಅವರೇ ಸಮಾಧಾನ ಹೇಳಿಕೊಂಡರು. ಅವರ ಕೈಚೀಲದಲ್ಲಿ ಉದ್ದ ಗೆರೆ ಹಾಕಿದ ನೋಟ್‌ಬುಕ್ಕೊಂದಿತ್ತು. ದಿನಾಂಕ, ಮೇಲಿನ ಬಿಪಿ, ಕೆಳಗಿನ ಬಿಪಿ, ನಾಡಿ ಎಂದು ನಾಲ್ಕು ಕಾಲಂ ಮಾಡಿ, ಎಂಟು ತಿಂಗಳ ಲೆಕ್ಕವನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟಿದ್ದರು. ಕೊನೆಯ ಕಾಲಂ ನೋಡುತ್ತಾ ಹೋದಂತೆ ನನಗೆ ಕಸಿವಿಸಿಯಾಯಿತು. ಒಂದೇ ಬೆಳಗ್ಗೆ, ಹತ್ತು ನಿಮಿಷದ ಅಂತರದಲ್ಲಿ, ಕುಳಿತಲ್ಲೇ ಕುಳಿತು ತೆಗೆದ ಮೂರು ಅಳತೆಗಳಲ್ಲಿ ನಾಡಿ 76, 109, 91 ಎಂದಿತ್ತು. ಆ ಪುಸ್ತಕವನ್ನು ಅವರು ಅಷ್ಟರಲ್ಲಿ ಇಬ್ಬರು ವೈದ್ಯರಿಗೆ ತೋರಿಸಿದ್ದರು. ಇಬ್ಬರೂ ಮೊದಲ ಎರಡು ಕಾಲಂ ನೋಡಿ, ಬಿಪಿ ಪರವಾಗಿಲ್ಲ ಎಂದು ಹೇಳಿ ಕಳುಹಿಸಿದ್ದರು. ಅಷ್ಟು ತಿಂಗಳಲ್ಲಿ ಯಾರೊಬ್ಬರೂ ಅವರ ಮಣಿಕಟ್ಟನ್ನು ಹಿಡಿದಿರಲಿಲ್ಲ. ನಾನು ಹಿಡಿದಾಗ ಬೆರಳಿಗೆ ಸಿಕ್ಕಿದ್ದು ಯಾವ ತಾಳಕ್ಕೂ ಒಗ್ಗದ ನಾಡಿ. ಎರಡು ಬಡಿತ ಒತ್ತೊತ್ತಾಗಿ, ಆಮೇಲೊಂದು ದೀರ್ಘ ಬಿಡುವು, ಒಂದು ಬಲವಾದ ಪೆಟ್ಟು, ಹಿಂದೆಯೇ ಸಿಕ್ಕೂ ಸಿಗದಂತೆ ಜಾರಿದ ಇನ್ನೊಂದು. ಇಸಿಜಿ ತೆಗೆದಾಗ ಅನುಮಾನ ನಿಜವಾಯಿತು. ಅದು ಏಟ್ರಿಯಲ್ ಫಿಬ್ರಿಲೇಶನ್. ಕನ್ನಡದಲ್ಲಿ ಹೃತ್ಕರ್ಣ ಕಂಪನ, ಅಂದರೆ ಹೃದಯದ ಮೇಲ್ಕೋಣೆಗಳ ಅದುರುವಿಕೆ ಎನ್ನಬಹುದು. ವೈದ್ಯರ ಬಾಯಲ್ಲಿ ಅದು ಎಎಫ್.

ಇಲ್ಲಿ ಸಂಗೀತ ಬಲ್ಲವರು ಹಲವರಿದ್ದೀರಿ. ಆದಿತಾಳದಲ್ಲಿ ಹಾಡು ಸಾಗುತ್ತಿರುವಾಗ ಒಂದು ಪೆಟ್ಟು ಮುಂಚೆ ಬಿದ್ದು ಮತ್ತೆ ತಾಳ ತನ್ನ ದಾರಿಗೆ ಬಂದರೆ ಅದು ಬೇರೆ ಸಂಗತಿ. ಹೃದಯದಲ್ಲಿ ಅಂಥ ಬಿಡಿ ತಪ್ಪು ಬಡಿತಗಳು ಆರೋಗ್ಯವಂತರಲ್ಲೂ ಆಗಾಗ ಬರುತ್ತವೆ ಮತ್ತು ಬಹುಮಟ್ಟಿಗೆ ನಿರಪಾಯಕಾರಿ. ಎಎಫ್‌ನಲ್ಲಿ ತಾಳ ತಪ್ಪುವುದಿಲ್ಲ, ತಾಳವೇ ಇರುವುದಿಲ್ಲ.

ಹೃದಯದ ಬಲ ಮೇಲ್ಕೋಣೆಯಲ್ಲಿರುವ ಸೈನಸ್ ಗಂಟು ಎಂಬ ಚಿಕ್ಕ ಜೀವಕೋಶಗಳ ಗುಂಪು ನಿಮಿಷಕ್ಕೆ ಅರವತ್ತರಿಂದ ನೂರು ಸಲ ವಿದ್ಯುತ್ ಸಂಕೇತ ಕೊಡುತ್ತದೆ. ಅದು ಎರಡೂ ಹೃತ್ಕರ್ಣಗಳಲ್ಲಿ ಹರಡಿ, ನಡುವಿನ ಇನ್ನೊಂದು ಗಂಟಿನ ಮೂಲಕ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ವಯಸ್ಸಾದಂತೆ ಹೃತ್ಕರ್ಣದ ಸ್ನಾಯುವಿನ ನಡುನಡುವೆ ನಾರಿನಂಥ ಅಂಗಾಂಶ ಸೇರಿಕೊಳ್ಳುತ್ತದೆ. ಬಹುಕಾಲದ ರಕ್ತದೊತ್ತಡ ಅದರ ಗೋಡೆಯನ್ನು ಹಿಗ್ಗಿಸುತ್ತದೆ. ಆಗ ಸಂಕೇತ ನೇರವಾಗಿ ಹರಿಯದೆ ಒಡೆದು, ತಿರುಗಿ, ತನ್ನ ಹಾದಿಗೇ ಮರಳಿ ಸುತ್ತತೊಡಗುತ್ತದೆ. ಹೃತ್ಕರ್ಣದಲ್ಲಿ ನಿಮಿಷಕ್ಕೆ 350ರಿಂದ 600 ಸಂಕೇತಗಳು ಎದ್ದು, ಅದು ಸಂಕುಚಿಸುವುದನ್ನೇ ಬಿಟ್ಟು ಬರಿದೆ ಅದುರುತ್ತದೆ. ನಡುವಿನ ಗಂಟು ಇವೆಲ್ಲವನ್ನೂ ಕೆಳಗೆ ಬಿಡದೆ ತಡೆಯುವುದರಿಂದಲೇ ಮನುಷ್ಯ ಬದುಕಿರುತ್ತಾನೆ. ಆದರೆ ಅದು ಯಾವುದನ್ನು ಬಿಡುತ್ತದೆ, ಯಾವುದನ್ನು ತಡೆಯುತ್ತದೆ ಎಂಬುದಕ್ಕೆ ಕ್ರಮವಿಲ್ಲದ ಕಾರಣ ನಾಡಿ ಹಾಗೆ ಅಡ್ಡಾದಿಡ್ಡಿಯಾಗುತ್ತದೆ. ಈ ನಾಡಿಯ ಪರಿಚಯ ವೈದ್ಯರಿಗೆ ಬಹಳ ಹಿಂದಿನಿಂದಲೂ ಇತ್ತು. ಅದರ ಮೂಲ ಹೃತ್ಕರ್ಣದ ಈ ಅದುರುವಿಕೆಯೇ ಎಂಬುದು ಐಂಥೋವನ್ ಇಸಿಜಿ ಯಂತ್ರವನ್ನು ರೂಪಿಸಿದ ಮೇಲೆ, 1909ರ ಸುಮಾರಿಗೆ ಲಂಡನ್ನಿನ ಥಾಮಸ್ ಲೂಯಿಸ್ ಅವರ ಕೆಲಸದಿಂದ ಖಚಿತವಾಯಿತು.

ಇನ್ನು ಇದು ಎಷ್ಟು ಸಾಮಾನ್ಯ ಎಂಬ ಪ್ರಶ್ನೆ. 2001ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ದೊಡ್ಡ ಅಧ್ಯಯನವೊಂದು 55ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಸಾವಿರಕ್ಕೆ ಒಬ್ಬರಲ್ಲಿ ಎಎಫ್ ಕಂಡರೆ, 80 ದಾಟಿದವರಲ್ಲಿ ನೂರಕ್ಕೆ ಒಂಬತ್ತು ಮಂದಿಯಲ್ಲಿ ಕಂಡಿತು. ವಯಸ್ಸೊಂದೇ ಹೆಚ್ಚಾದಾಗ ಇಷ್ಟು ಕಡಿದಾಗಿ ಏರುವ ಹೃದಯದ ಕಾಯಿಲೆಗಳು ಹೆಚ್ಚಿಲ್ಲ. ಪ್ರತಿ ಪ್ರಜೆಯ ಆರೋಗ್ಯದ ದಾಖಲೆಯನ್ನೂ ಇಟ್ಟುಕೊಂಡು ಬಂದಿರುವ ಡೆನ್ಮಾರ್ಕಿನಲ್ಲಿ 45 ದಾಟಿದ ವ್ಯಕ್ತಿಗೆ ಉಳಿದ ಜೀವಿತದಲ್ಲಿ ಎಎಫ್ ಬರುವ ಸಂಭವವು 2000ದ ನಂತರದ ದಶಕದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಂತಿದ್ದದ್ದು, ಅದರ ಮುಂದಿನ ದಶಕದಲ್ಲಿ ಮೂವರಲ್ಲಿ ಒಬ್ಬರ ಸನಿಹಕ್ಕೆ ಬಂದಿದೆ. ಜಗತ್ತಿನಾದ್ಯಂತ 2019ರಲ್ಲಿ ಸುಮಾರು 6 ಕೋಟಿ ಜನರಿಗೆ ಇದು ಇತ್ತೆಂಬ ಅಂದಾಜಿದೆ.

ಇದು ಶ್ರೀಮಂತ ದೇಶಗಳ ಕಥೆ, ನಮಗೇಕೆ ಎಂದು ಕೇಳುವವರಿದ್ದಾರೆ. ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತೀಯರ ಸರಾಸರಿ ಆಯುಸ್ಸು ಮೂವತ್ತರ ಆಸುಪಾಸಿನಲ್ಲಿತ್ತು. ಇವತ್ತು ಅದು ಎಪ್ಪತ್ತನ್ನು ಮುಟ್ಟಿದೆ. 2011ರ ಜನಗಣತಿಯಲ್ಲಿ ದೇಶದಲ್ಲಿ 60 ದಾಟಿದವರು ಸುಮಾರು 10 ಕೋಟಿ ಇದ್ದರು; 2050ರ ಹೊತ್ತಿಗೆ ಆ ಸಂಖ್ಯೆ 34 ಕೋಟಿ ದಾಟುತ್ತದೆಂದು, ಅಂದರೆ ಐವರಲ್ಲಿ ಒಬ್ಬರು ಹಿರಿಯರಾಗಿರುತ್ತಾರೆಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ವರದಿ ಹೇಳುತ್ತದೆ. ಗುಜರಾತಿನ ಆನಂದ್ ಜಿಲ್ಲೆಯ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತರು ಮೊಬೈಲ್ ಫೋನಿಗೆ ಜೋಡಿಸಿದ ಚಿಕ್ಕ ಇಸಿಜಿ ಸಾಧನ ಹಿಡಿದು ಮನೆಮನೆಗೆ ಹೋಗಿ, 50 ದಾಟಿದವರನ್ನು ಹಲವು ದಿನ ಪರೀಕ್ಷಿಸಿದಾಗ ನೂರಕ್ಕೆ ಒಂದೂವರೆಗಿಂತ ಹೆಚ್ಚು ಮಂದಿಯಲ್ಲಿ ಎಎಫ್ ಸಿಕ್ಕಿತು. ನೂರಕ್ಕೆ ಒಂದೂವರೆ ಎಂದರೆ ಕಿವಿಗೆ ಚಿಕ್ಕದಾಗಿ ಕೇಳಬಹುದು. ಅದನ್ನು ಕೋಟಿಗಳಿಗೆ ಗುಣಿಸಿ, ಆ ಕೋಟಿಗಳೂ ವರ್ಷದಿಂದ ವರ್ಷಕ್ಕೆ ವಯಸ್ಸಿನ ಏಣಿ ಹತ್ತುತ್ತಿವೆ ಎಂಬುದನ್ನು ಸೇರಿಸಿ ನೋಡಿದರೆ ನನ್ನ ಆತಂಕ ತಮಗೆ ಅರ್ಥವಾಗುತ್ತದೆ.

ವಯಸ್ಸೊಂದೇ ಕಾರಣವಲ್ಲ. ಹಿಂದೆ ಹೃದಯಾಘಾತದಲ್ಲಿ ತೀರಿಕೊಳ್ಳುತ್ತಿದ್ದವರು ಈಗ ಬದುಕಿ ಉಳಿಯುತ್ತಿದ್ದಾರೆ. ಅದು ಸಂತೋಷದ ವಿಷಯವೇ, ಆದರೆ ಗಾಯಗೊಂಡ ಹೃದಯದಲ್ಲಿ ಎಎಫ್ ಬೇಗ ಮನೆಮಾಡುತ್ತದೆ. ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಮದ್ಯ, ಅತಿಯಾಗಿ ಕೆಲಸ ಮಾಡುವ ಥೈರಾಯ್ಡ್ ಇವೆಲ್ಲ ದಾರಿ ಮಾಡಿಕೊಡುತ್ತವೆ. ನಿದ್ದೆಯಲ್ಲಿ ಉಸಿರು ಕಟ್ಟಿ ಕಟ್ಟಿ ಬರುವ ಗೊರಕೆಯನ್ನು ನಾವು ಮನೆಯ ತಮಾಷೆಯ ವಿಷಯ ಮಾಡಿಕೊಂಡಿದ್ದೇವೆ, ಅದೂ ಇದಕ್ಕೊಂದು ಕಾರಣ. ಇವೆಲ್ಲವುಗಳಲ್ಲಿ ದೊಡ್ಡ ಪಾಲು ಬಿಪಿಯದು. ನಲವತ್ತರ ವಯಸ್ಸಿನಲ್ಲಿ ಸರಿಯಾಗಿ ಹಿಡಿತದಲ್ಲಿಟ್ಟ ಬಿಪಿ ಎಪ್ಪತ್ತರ ಹೃದಯಕ್ಕೆ ಕಟ್ಟಿದ ಉಳಿತಾಯ.

ನಮ್ಮ ದೇಶಕ್ಕೆ ಇನ್ನೊಂದು ಹೊರೆ ಇದೆ. ಭಾರತೀಯ ಹೃದಯ ಲಯ ಸಂಘ ದೇಶದ ಹಲವು ಆಸ್ಪತ್ರೆಗಳಿಂದ ಒಂದೂವರೆ ಸಾವಿರದಷ್ಟು ಎಎಫ್ ರೋಗಿಗಳ ವಿವರ ಕಲೆಹಾಕಿದಾಗ ಅವರ ಸರಾಸರಿ ವಯಸ್ಸು ಸುಮಾರು 55 ಇತ್ತು ಮತ್ತು ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ರುಮ್ಯಾಟಿಕ್ ಜ್ವರದಿಂದ ಹಾಳಾದ ಕವಾಟಗಳಿದ್ದವು. ಬಾಲ್ಯದಲ್ಲಿ ಬಂದ ಗಂಟಲು ನೋವು, ಅದರ ಬೆನ್ನಿಗೆ ಕೀಲುಗಳ ಊತ, ಆಮೇಲೆ ಸದ್ದಿಲ್ಲದೆ ಕಿರಿದಾಗುತ್ತಾ ಹೋಗುವ, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ, ಕೊನೆಗೆ ಹಿಗ್ಗಿದ ಹೃತ್ಕರ್ಣ. ಬೆಂಗಳೂರಿನ ಯಾವುದೇ ದೊಡ್ಡ ಸರ್ಕಾರಿ ಹೃದ್ರೋಗ ವಾರ್ಡಿಗೆ ಹೋದರೂ ದೂರದ ಜಿಲ್ಲೆಗಳಿಂದ ಬಂದ, ಮೂವತ್ತು ನಲವತ್ತರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಇದನ್ನು ಕಾಣಬಹುದು. ಬಡತನದ ಹಳೆಯ ಎಎಫ್ ಇನ್ನೂ ಹೋಗಿಲ್ಲ, ವೃದ್ಧಾಪ್ಯದ ಹೊಸ ಎಎಫ್ ಆಗಲೇ ಬಂದಿದೆ. ಎರಡನ್ನೂ ಒಟ್ಟಿಗೆ ಎದುರಿಸಬೇಕಾದ ಸ್ಥಿತಿ ನಮ್ಮದು.

ಹೃದಯ ಸ್ವಲ್ಪ ಅಡ್ಡಾದಿಡ್ಡಿ ಬಡಿದರೆ ಏನಾಯಿತು ಎಂದು ಕೇಳಬಹುದು. ಅಪಾಯ ಬಡಿತದಲ್ಲಿಲ್ಲ, ನಿಂತ ರಕ್ತದಲ್ಲಿದೆ. ಎಡ ಹೃತ್ಕರ್ಣಕ್ಕೆ ಅಂಟಿಕೊಂಡಂತೆ ಕಿರುಬೆರಳಿನಂಥ ಒಂದು ಚೀಲವಿದೆ. ಹೃತ್ಕರ್ಣ ಸಂಕುಚಿಸದಿದ್ದಾಗ ಆ ಚೀಲದಲ್ಲಿ ರಕ್ತ ಮಡುಗಟ್ಟಿ ಹೆಪ್ಪಾಗುತ್ತದೆ. ಕವಾಟದ ಕಾಯಿಲೆ ಇಲ್ಲದವರ ಎಎಫ್‌ನಲ್ಲಿ ಹೃತ್ಕರ್ಣದ ಹೆಪ್ಪುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಹುಟ್ಟುವುದು ಅಲ್ಲೇ. ಒಂದು ದಿನ ಅದರ ತುಣುಕು ಕಳಚಿಕೊಂಡು ಮಿದುಳಿನ ರಕ್ತನಾಳವನ್ನು ಮುಚ್ಚಿದರೆ ಅದೇ ಲಕ್ವ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು 1948ರಿಂದ ತಲೆಮಾರುಗಳ ಕಾಲ ಗಮನಿಸಿದ ಅಧ್ಯಯನ, ಎಎಫ್ ಇರುವವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು ಎಂದು ತೋರಿಸಿತು. ಐವತ್ತರ ದಶಕದ ವಯಸ್ಸಿನವರಿಗೆ ಆಗುವ ನೂರು ಲಕ್ವಗಳಲ್ಲಿ ಎಎಫ್‌ನ ಪಾಲು ಒಂದೋ ಎರಡೋ. ಎಂಬತ್ತರ ದಶಕದ ವಯಸ್ಸಿನವರಲ್ಲಿ ಅದು ಇಪ್ಪತ್ತಮೂರಕ್ಕಿಂತ ಹೆಚ್ಚು. ಈ ಬಗೆಯ ಲಕ್ವದಲ್ಲಿ ಹೆಪ್ಪು ದೊಡ್ಡದಾಗಿರುವುದರಿಂದ ಹಾನಿಯೂ ದೊಡ್ಡದು. ಮಾತು ಹೋಗುತ್ತದೆ, ಅರ್ಧ ಮೈ ಹೋಗುತ್ತದೆ, ಒಬ್ಬರು ಹಾಸಿಗೆ ಹಿಡಿದರೆ ಮನೆಯ ಇನ್ನೊಬ್ಬರು, ಹೆಚ್ಚಾಗಿ ಹೆಂಡತಿಯೋ ಸೊಸೆಯೋ, ತಮ್ಮ ಬದುಕನ್ನೇ ಆ ಹಾಸಿಗೆಯ ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಅವಧಿ ಇದೆಯೆಂದು ಪುಸ್ತಕ ಹೇಳುತ್ತದೆ. ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡ್ ವೃತ್ತದ ವಾಹನ ದಟ್ಟಣೆ ದಾಟಿ ಬಂದವರಿಗೆ ಆ ಅವಧಿ ಎಷ್ಟು ಬೇಗ ಕರಗುತ್ತದೆಂದು ನಾನು ಹೇಳಬೇಕಾಗಿಲ್ಲ. ಆದ್ದರಿಂದ ಲಕ್ವ ಆದ ಮೇಲೆ ಓಡುವುದಕ್ಕಿಂತ ಮೊದಲೇ ನಾಡಿ ಹಿಡಿಯುವುದು ಮೇಲು ಎಂದು ನಾನು ಒತ್ತಿ ಹೇಳುತ್ತೇನೆ. ಎಎಫ್ ಇರುವ ಎಷ್ಟೋ ಜನರಿಗೆ ಎದೆ ಡವಡವ ಎನ್ನುವುದೇ ಇಲ್ಲ. ಲಕ್ವವೇ ಮೊದಲ ಸೂಚನೆಯಾಗಿ ಬರುವುದುಂಟು.

ಚಿಕಿತ್ಸೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ತಪ್ಪು ಆಗುತ್ತಿರುವುದು ಇಲ್ಲೇ. ಸೂಕ್ತ ರೋಗಿಗೆ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಅಂದರೆ ಜನ ರಕ್ತ ತೆಳು ಮಾಡುವ ಮಾತ್ರೆ ಎನ್ನುವುದನ್ನು ಕೊಟ್ಟರೆ ಲಕ್ವದ ಅಪಾಯ ಮೂರನೇ ಎರಡು ಭಾಗದಷ್ಟು ಇಳಿಯುತ್ತದೆ. ಯಾರಿಗೆ ಕೊಡಬೇಕೆಂದು ನಿರ್ಧರಿಸಲು ಅಂಕಗಳ ಲೆಕ್ಕವೊಂದಿದೆ: ಹೃದಯ ವೈಫಲ್ಯ, ಬಿಪಿ, ಸಕ್ಕರೆ ಕಾಯಿಲೆ, ರಕ್ತನಾಳದ ಕಾಯಿಲೆ, 65 ದಾಟಿದ ವಯಸ್ಸು ಇವಕ್ಕೆ ಒಂದೊಂದು, 75 ದಾಟಿದ್ದರೆ ಅಥವಾ ಹಿಂದೆ ಲಕ್ವ ಆಗಿದ್ದರೆ ಎರಡು. ಎರಡು ಅಂಕ ತಲುಪಿದವರಿಗೆ ಸಾಮಾನ್ಯವಾಗಿ ಮಾತ್ರೆ ಬೇಕು. 75 ದಾಟಿದ ಹಿರಿಯರಿಗೆ ಬೇರಾವ ಕಾಯಿಲೆ ಇಲ್ಲದಿದ್ದರೂ ವಯಸ್ಸೊಂದರಿಂದಲೇ ಆ ಎರಡು ಅಂಕ ಬಂದುಬಿಡುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ. ಇದರ ಬದಲು ಆಸ್ಪಿರಿನ್ ಸಾಕು ಎಂಬ ನಂಬಿಕೆ ಇನ್ನೂ ಬಲವಾಗಿದೆ. ಎಎಫ್‌ನ ಲಕ್ವ ತಡೆಯುವಲ್ಲಿ ಆಸ್ಪಿರಿನ್ ಬಹಳ ದುರ್ಬಲ. ಹಿರಿಯರಲ್ಲಿ ರಕ್ತಸ್ರಾವದ ಅಪಾಯವನ್ನಂತೂ ಅದು ತಪ್ಪದೆ ತರುತ್ತದೆ.

ಹಳೆಯ ಮಾತ್ರೆ ವಾರ್ಫರಿನ್. ಅಮೆರಿಕದಲ್ಲಿ ಕೊಳೆತ ಕ್ಲೋವರ್ ಹುಲ್ಲು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದುದನ್ನು ಬೆನ್ನುಹತ್ತಿದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯದಿಂದ ಬಂದದ್ದು ಅದು. 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರ ಔಷಧಿಯಾಯಿತು. ನಮ್ಮಲ್ಲಿ ಅದರ ದಾಯಾದಿ ಅಸೆನೊಕೌಮರಾಲ್ ಹೆಚ್ಚು ಬಳಕೆಯಲ್ಲಿದೆ. ಇವನ್ನು ತೆಗೆದುಕೊಳ್ಳುವವರು, ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಐಎನ್‌ಆರ್ ಎಂಬ ರಕ್ತಪರೀಕ್ಷೆಯನ್ನು ಆಗಾಗ ಮಾಡಿಸಿ, ಸಾಮಾನ್ಯವಾಗಿ ಅದನ್ನು 2ರಿಂದ 3ರ ನಡುವೆ ಇಟ್ಟುಕೊಳ್ಳಬೇಕು. ಇಲ್ಲಿ ಸೊಪ್ಪಿನ ಪ್ರಶ್ನೆ ಬರುತ್ತದೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಗೆ ಎದುರಾಳಿ. ಅದಕ್ಕಾಗಿ "ಸೊಪ್ಪು ಮುಟ್ಟಲೇಬೇಡಿ" ಎಂಬ ಮಾತನ್ನು ಕೇಳಿ, ಬಸ್ಸಾರು ಸೊಪ್ಪಿನ ಹುಳಿಯಲ್ಲೇ ಬೆಳೆದ ಹಿರಿಯರು ವರ್ಷಗಟ್ಟಲೆ ಅದನ್ನು ಬಿಟ್ಟು ಕುಳಿತಿರುವುದನ್ನು ನೋಡಿದ್ದೇನೆ. ಬಿಡಬೇಕಾಗಿಲ್ಲ. ವಾರಕ್ಕೆ ಮೂರು ದಿನ ತಿನ್ನುವವರು ಪ್ರತಿ ವಾರವೂ ಮೂರು ದಿನ ತಿನ್ನಲಿ. ಇದ್ದಕ್ಕಿದ್ದಂತೆ ಒಂದು ವಾರ ದಿನಾ ನುಗ್ಗೆಸೊಪ್ಪು, ಮುಂದಿನ ವಾರ ಏನೂ ಇಲ್ಲ ಎಂಬಂತೆ ಆಗಬಾರದು, ಅಷ್ಟೇ.

2009ರ ನಂತರ ಬಂದ ಡಾಬಿಗಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಮುಂತಾದ ಹೊಸ ಮಾತ್ರೆಗಳಿಗೆ ಈ ಐಎನ್‌ಆರ್ ಬೇಡ, ಸೊಪ್ಪಿನ ಚಿಂತೆಯೂ ಇಲ್ಲ. ಮಿದುಳಿನ ರಕ್ತಸ್ರಾವವೂ ವಾರ್ಫರಿನ್‌ಗಿಂತ ಕಡಿಮೆ. ದೇಶೀಯ ಕಂಪನಿಗಳ ತಯಾರಿಕೆಗಳು ಬಂದ ಮೇಲೆ ಬೆಲೆಯೂ ಇಳಿದಿದೆ. ಆದರೆ ರುಮ್ಯಾಟಿಕ್ ಕಾಯಿಲೆಯಿಂದ ಕಿರಿದಾದ ಮೈಟ್ರಲ್ ಕವಾಟ ಇರುವವರಿಗೆ ಮತ್ತು ಲೋಹದ ಕವಾಟ ಹಾಕಿಸಿಕೊಂಡವರಿಗೆ ಹಳೆಯ ಬಗೆಯ ಮಾತ್ರೆಯೇ ಸರಿ. ಪಕ್ಕದ ಮನೆಯವರು ಬದಲಾಯಿಸಿಕೊಂಡರೆಂದು ಇವರು ಬದಲಾಯಿಸಿಕೊಳ್ಳುವಂತಿಲ್ಲ. ಹೊಸ ಮಾತ್ರೆಗಳ ಪರಿಣಾಮ ಒಂದು ದಿನದಲ್ಲಿ ಇಳಿದುಹೋಗುವುದರಿಂದ ಒಂದೆರಡು ಹೊತ್ತು ತಪ್ಪಿಸಿದರೂ ರಕ್ಷಣೆ ತಪ್ಪುತ್ತದೆ.

ನನಗೆ ಅತ್ಯಂತ ನೋವು ಕೊಡುವ ಸಂಗತಿ ಒಂದಿದೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಕಂಡಿತೆಂದು, ಅಥವಾ ಅಪ್ಪ ಬಚ್ಚಲಲ್ಲಿ ಜಾರಿದರೆಂದು, ಮಕ್ಕಳು ಫೋನಿನಲ್ಲೇ ಮಾತಾಡಿಕೊಂಡು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಅವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಬೀಳುವ ಭಯ ಮತ್ತು ಲಕ್ವದ ಭಯ ಎರಡನ್ನೂ ತೂಗಿ ನೋಡಿದ ಕೆನಡಾದ ವೈದ್ಯರು, ಬೀಳುವುದರಿಂದ ಆಗುವ ಮಿದುಳಿನ ರಕ್ತಸ್ರಾವದ ಅಪಾಯ ವಾರ್ಫರಿನ್ನಿನ ಲಾಭವನ್ನು ಮೀರಬೇಕಾದರೆ ಒಬ್ಬ ವ್ಯಕ್ತಿ ವರ್ಷಕ್ಕೆ ಸುಮಾರು 295 ಸಲ ಬೀಳಬೇಕು ಎಂದು 1999ರಲ್ಲಿ ಲೆಕ್ಕ ಹಾಕಿದರು. ನಿಲ್ಲಿಸಬೇಕಾದದ್ದು ಮಾತ್ರೆಯಲ್ಲ, ಜಾರುವುದನ್ನು. ಬಚ್ಚಲಿಗೆ ಹಿಡಿಕೆ ಹಾಕಿಸಿ, ರಾತ್ರಿ ದೀಪ ಇಡಿ. ಮಂಡಿನೋವಿಗೆಂದು ಔಷಧಿ ಅಂಗಡಿಯಲ್ಲಿ ಕೇಳಿ ತಂದ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ಇದರ ಜೊತೆ ನುಂಗಬೇಡಿ. ಹೊಟ್ಟೆಯಲ್ಲಿ ರಕ್ತಸ್ರಾವ ಆಗಿ ಬರುವವರಲ್ಲಿ ಎಷ್ಟೋ ಮಂದಿ ಹಾಗೆ ನುಂಗಿದವರು. ಮಲ ಟಾರಿನಂತೆ ಕಪ್ಪಾದರೆ, ತಲೆಗೆ ಪೆಟ್ಟಾದರೆ, ಕೂಡಲೇ ಆಸ್ಪತ್ರೆಗೆ ಬನ್ನಿ.

ಲಯವನ್ನೇ ಸರಿಪಡಿಸುವ ಔಷಧಿಗಳು, ರಕ್ತನಾಳದ ಮೂಲಕ ತೆಳು ನಳಿಕೆ ಕಳುಹಿಸಿ ತಪ್ಪು ಸಂಕೇತದ ಹಾದಿಯನ್ನು ಕಡಿಯುವ ಅಬ್ಲೇಷನ್ ಎಂಬ ಕೆಥೆಟರ್ ಚಿಕಿತ್ಸೆ ಇವು ಬೆಂಗಳೂರಿನ ಸರ್ಕಾರಿ ಮತ್ತು ಖಾಸಗಿ ಕೇಂದ್ರಗಳಲ್ಲಿ ಲಭ್ಯವಿವೆ. ಕಾಯಿಲೆ ಹೊಸದಿರುವಾಗಲೇ ಇವನ್ನು ಆಲೋಚಿಸುವುದು ಒಳ್ಳೆಯದೆಂದು 2020ರ ಯುರೋಪಿನ ಅಧ್ಯಯನವೊಂದು ತೋರಿಸಿದೆ. ಯಾರಿಗೆ ಬೇಕು ಎಂಬುದು ಹೃದ್ರೋಗ ತಜ್ಞರ ಎದುರು ಕುಳಿತು ತೀರ್ಮಾನಿಸಬೇಕಾದ ವಿಷಯ.

ಸಭೆಯಲ್ಲಿ ಒಬ್ಬರು, ಎಲ್ಲ ಹಿರಿಯರಿಗೂ ಯಂತ್ರ ಕಟ್ಟಿ ಹುಡುಕಬಾರದೇಕೆ ಎಂದು ಕೇಳಿದರು. ಸ್ವೀಡನ್ ಅದನ್ನು ಮಾಡಿ ನೋಡಿತು. 75, 76ರ ವಯಸ್ಸಿನವರನ್ನು ಕರೆದು, ಹೆಬ್ಬೆರಳಿಟ್ಟು ತೆಗೆಯುವ ಇಸಿಜಿಯನ್ನು ಎರಡು ವಾರ ಮನೆಯಲ್ಲೇ ತೆಗೆಸಿತು. ಲಾಭ ಆಯಿತು, ಆದರೆ ಚಿಕ್ಕದು. ಡೆನ್ಮಾರ್ಕ್ ಚರ್ಮದ ಕೆಳಗೆ ಯಂತ್ರವನ್ನೇ ಇಟ್ಟು ಮೂರು ಪಟ್ಟು ಹೆಚ್ಚು ಎಎಫ್ ಪತ್ತೆ ಮಾಡಿದರೂ ಲಕ್ವ ಗಣನೀಯವಾಗಿ ಇಳಿಯಲಿಲ್ಲ. ಕೆಲವೇ ನಿಮಿಷ ಬಂದು ಹೋಗುವ ಎಎಫ್ ಅಷ್ಟು ಅಪಾಯಕಾರಿಯಲ್ಲದಿರಬಹುದೆಂಬುದು ಇದರಿಂದ ತಿಳಿಯುವ ಪಾಠ. ನನ್ನ ಅಭಿಪ್ರಾಯದಲ್ಲಿ ನಮಗೆ ಬೇಕಾದದ್ದು ಇದಕ್ಕಿಂತ ಸರಳ. 65 ದಾಟಿದವರು ಶೀತಕ್ಕೋ ಮಂಡಿನೋವಿಗೋ ಬಂದರೂ, ಅದು ಬಡಾವಣೆಯ 'ನಮ್ಮ ಕ್ಲಿನಿಕ್' ಆಗಲಿ ದೊಡ್ಡ ಆಸ್ಪತ್ರೆಯಾಗಲಿ, ಅರ್ಧ ನಿಮಿಷ ಮಣಿಕಟ್ಟು ಹಿಡಿಯುವುದು. ಡಿಜಿಟಲ್ ಬಿಪಿ ಯಂತ್ರ ಬಂದ ಮೇಲೆ ನಮ್ಮ ವೃತ್ತಿಯವರ ಬೆರಳು ಅಲ್ಲಿಂದ ಎದ್ದುಹೋಗಿದೆ. ಅದನ್ನು ಮರಳಿ ಅಲ್ಲಿಡಬೇಕು.

ನಾಡಿಯನ್ನು ಗಮನಿಸುವ ಸ್ಮಾರ್ಟ್ ಕೈಗಡಿಯಾರದ ಬಗ್ಗೆ ಇಬ್ಬರು ಕೇಳಿದರು. ಅದು ಎಚ್ಚರಿಕೆ ಕೊಟ್ಟರೆ ತಳ್ಳಿಹಾಕಬೇಡಿ, ಅದನ್ನೇ ರೋಗನಿರ್ಣಯ ಎಂದೂ ತಿಳಿಯಬೇಡಿ. ಬಿಪಿ ಯಂತ್ರದ ಪರದೆಯ ಮೇಲೆ ಅಕ್ರಮ ಬಡಿತದ ಗುರುತು ಮತ್ತೆ ಮತ್ತೆ ಕಂಡರೂ ಇದೇ ಮಾತು. ಎಎಫ್ ಇರುವವರಲ್ಲಿ ಬಿಪಿಯ ಅಂಕಿಯೂ ಬಡಿತದಿಂದ ಬಡಿತಕ್ಕೆ ಬದಲಾಗುವುದರಿಂದ ಮೂರು ಸಲ ಅಳೆದು ಸರಾಸರಿ ನೋಡಬೇಕು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ಇಲ್ಲಿ ಹಿಡಿದು ನೋಡಿದಾಗ ನಾಡಿ ಸಮನಾಗಿಲ್ಲ ಅನಿಸಿದೆ, ಈಗ ಏನು ಮಾಡಲಿ ಎಂದು ಹಿರಿಯ ತಾಯಿಯೊಬ್ಬರು ಕೇಳಿದರು. ಗಾಬರಿ ಬೇಡ, ತಡವೂ ಬೇಡ ಎಂದೆ. ನಾಡಿ ಹಾಗಿರುವಾಗಲೇ ಹತ್ತಿರದಲ್ಲಿ ಒಂದು ಇಸಿಜಿ ತೆಗೆಸಿ. ಬಂದು ಹೋಗುವ ಎಎಫ್ ಆಗಿದ್ದರೆ ನಾಳೆ ತೆಗೆದ ಇಸಿಜಿಯಲ್ಲಿ ಅದು ಇಲ್ಲದಿರಬಹುದು. ಆ ಹಾಳೆಯನ್ನು ಅಲ್ಲೇ ಬಿಟ್ಟು ಬರಬೇಡಿ. ಇಸಿಜಿ ಕಾಗದದ ಮೇಲಿನ ಗೆರೆ ಬಿಸಿಲಿಗೆ, ಕಾಲಕ್ಕೆ ಮಾಸಿಹೋಗುತ್ತದೆ. ಅದೇ ದಿನ ಒಂದು ಜೆರಾಕ್ಸ್ ಮಾಡಿಸಿ, ಫೋನಿನಲ್ಲಿ ಒಂದು ಫೋಟೊ ಹಿಡಿದು, ಮೂಲ ಪ್ರತಿಯ ಜೊತೆ ಕಡತದ ಮೊದಲ ಪುಟವಾಗಿ ಇಟ್ಟುಕೊಳ್ಳಿ. ಮುಂದಿನ ಯಾವ ವೈದ್ಯರ ಬಳಿ ಹೋದರೂ ಮೊದಲು ಅದನ್ನು ತೋರಿಸಿ, ಆಮೇಲೆ ಕೈಯನ್ನು ಮುಂದೆ ಚಾಚಿ.